ಸೊನ್ನೆ ಇಡದ ಮಾತು

ಭಾವ ತೀರಿಕೊಂಡ ಮೇಲೆ ಅಕ್ಕನ ಮನೆಗೆ ಹೋದಾಗಲೆಲ್ಲ ನಾನು ಮೊದಲು ಇಣುಕುತ್ತಿದ್ದುದು ಪಾತ್ರೆ ತೊಳೆಯುವ ಸಿಂಕಿಗೆ. ಊಟ ಆಯಿತೇ ಎಂದು ಕೇಳಿದರೆ ಅವಳು ಆಯಿತು ಎಂದೇ ಹೇಳುತ್ತಾಳೆ. ಸಿಂಕಿಗೆ ಸುಳ್ಳು ಹೇಳಲು ಬರುವುದಿಲ್ಲ. ಆ ದಿನ ಅಲ್ಲಿ ಎಂಜಲು ತಟ್ಟೆ ಕಂಡು, ಸದ್ಯ, ಎರಡು ತುತ್ತು ಹೊಟ್ಟೆಗೆ ಬಿದ್ದಿದೆ ಎಂದು ಸಮಾಧಾನಪಟ್ಟು ತಿರುಗಿದೆ. ಮೇಜಿನ ಮೇಲೆ ಇನ್ನೊಂದು ತಟ್ಟೆ ಇತ್ತು. ಪಕ್ಕದಲ್ಲಿ ಭಾವನ ಉದ್ದನೆಯ ಲೋಟ, ಅದರ ಮೇಲೆ ಮುಚ್ಚಳ.

"ಯಾರಾದ್ರೂ ಊಟಕ್ಕೆ ಬರೋರಿದಾರಾ?" ಎಂದೆ.

ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಭಾವನ ಅಂಗಿಯೊಂದಕ್ಕೆ ಗುಂಡಿ ಹಾಕುತ್ತಿದ್ದಳು. "ನಿನ್ನೆ ಹಾಲು ಕುಡಿದ್ರಂತೆ ಕಣೇ," ಎಂದಳು. "ಒಂದ್ ಲೋಟ ಪೂರ್ತಿ."

"ಯಾರು?"

"ಯಾರು ಅಂದ್ರೆ? ನಿಮ್ಮ ಭಾವ."

ಅವಳು ನನ್ನ ಮುಖ ನೋಡಿ, ಎದ್ದು ಬಂದು ತನ್ನ ಮೊಬೈಲನ್ನು ನನ್ನ ಕೈಗಿಟ್ಟಳು. ಹಿಂದಿನ ಮಧ್ಯಾಹ್ನ ಬಂದಿದ್ದ ಸಂದೇಶ ಹೀಗಿತ್ತು: 'ನಿಮ್ಮವರು ರಾತ್ರಿ ನಿದ್ದೆ ಮಾಡಿದರು. ಬೆಳಿಗ್ಗೆ ಒಂದು ಲೋಟ ಹಾಲು ಕುಡಿದರು. ಕಿಟಕಿ ತೆರೆಯಿರಿ ಎಂದರು. ನಿಮ್ಮನ್ನು ಕೇಳಿದರು.' ಅದರ ಮೇಲೆ ಮೊನ್ನೆಯದು, ಅದರ ಮೇಲೆ ಆಚೆ ಮೊನ್ನೆಯದು. ಭಾವನನ್ನು ನಾವು ಸುಟ್ಟು ಬಂದ ಮಾರನೆಯ ದಿನದಿಂದ ಒಂದು ಮಧ್ಯಾಹ್ನವೂ ತಪ್ಪಿರಲಿಲ್ಲ.

ನನಗೆ ಹೆದರಿಕೆಯಾಯಿತು. ಒಂದೇ ಗಳಿಗೆ ಅಷ್ಟೆ. ಆಮೇಲೆ ಕೋಪ ಬಂತು, ಏಕೆಂದರೆ ಇದು ಎಲ್ಲಿಂದ ಬರುತ್ತಿದೆ ಎಂದು ನನಗೆ ಗೊತ್ತಾಯಿತು. ಭಾವ ಇದ್ದ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲೇ ನನ್ನ ಕೆಲಸ. ಈ ಸಂದೇಶ ಕಳಿಸುವ ಪ್ರೋಗ್ರಾಮನ್ನು ನೋಡಿಕೊಳ್ಳುವವಳೂ ನಾನೇ.

ಅದು ಸಿ ಭಾಷೆಯಲ್ಲಿ ಬರೆದ ಹಳೆಯ ಪ್ರೋಗ್ರಾಮು. ಮಧ್ಯಾಹ್ನ ಎದ್ದು ಎರಡು ಡೇಟಾಬೇಸ್‌ಗಳ ಬಾಗಿಲು ತಟ್ಟುತ್ತದೆ. ದಾಖಲಾತಿಯವರದರಲ್ಲಿ ಒಳಗಿರುವ ರೋಗಿ ಯಾರು, ಅವರ ಕಡೆಯವರ ಫೋನ್ ನಂಬರು ಯಾವುದು ಎಂದು ಕೇಳುತ್ತದೆ. ವಾರ್ಡಿನದರಲ್ಲಿ ಆ ರೋಗಿಯ ಬಗ್ಗೆ ಸಿಸ್ಟರುಗಳು ಬೆಳಿಗ್ಗೆ ಏನು ಬರೆದಿದ್ದಾರೆ ಎಂದು ಕೇಳುತ್ತದೆ. ಆಮೇಲೆ ತುಂಡು ತುಂಡು ಮಾತುಗಳನ್ನು ತನ್ನ ನೆನಪಿನ ಹಲಗೆಯ ಮೇಲೆ ಒಂದರ ಬಾಲಕ್ಕೆ ಒಂದನ್ನು ಅಂಟಿಸಿ ಮನೆಯವರಿಗೆ ಕಳಿಸುತ್ತದೆ. ಫೋನ್ ಬೇರೆ ಯಾರ ಕೈಗೋ ಸಿಕ್ಕೀತೆಂದು ರೋಗಿಯ ಹೆಸರು ಹಾಕುವುದಿಲ್ಲ. ಎಲ್ಲರಿಗೂ 'ನಿಮ್ಮವರು', ಅಷ್ಟೆ.

ನನ್ನ ಈ ಕೆಲಸವನ್ನು ಒಮ್ಮೆ ಊಟಕ್ಕೆ ಕೂತಾಗ ಭಾವನಿಗೆ ವಿವರಿಸಿದ್ದೆ. ಸಿ ಭಾಷೆಯಲ್ಲಿ ಒಂದು ಮಾತು ಎಲ್ಲಿ ಮುಗಿಯಿತು ಎನ್ನುವುದು ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ. ಕೊನೆಗೆ ಒಂದು ಸೊನ್ನೆ ಇಡಬೇಕು. ಸೊನ್ನೆ ಸಿಕ್ಕಿದರೆ ನಿಲ್ಲುತ್ತದೆ. ಇಲ್ಲದಿದ್ದರೆ ಆಚೆ ಯಾರದೇನು ಬಿದ್ದಿದೆಯೋ ಅದನ್ನೂ ಓದುತ್ತಲೇ ಹೋಗುತ್ತದೆ. ಭಾವ ಪೂರ್ತಿ ಕೇಳಿ, "ಅಂದ್ರೆ ಸೊನ್ನೆ ಹಾಕಕ್ಕೆ ನಿಂಗೆ ಸಂಬಳ ಕೊಡ್ತಾರೆ," ಎಂದಿದ್ದರು. ಅವತ್ತಿನಿಂದ ನಾನು ಅವರ ಬಾಯಲ್ಲಿ ಸೊನ್ನೆಮ್ಮ. ಫೋನ್ ಮಾಡಿದರೆ, "ಏನು ಸೊನ್ನೆಮ್ಮಾ, ಇವತ್ತು ಎಷ್ಟು ಸೊನ್ನೆ ಸುತ್ತಿದೆ?" ಭಾವ ನಾದಿನಿಯರ ಜಗಳದಲ್ಲಿ ಗೆದ್ದವರಿಲ್ಲ. ಆದರೂ ನಾನು ಸೋತದ್ದೇ ಹೆಚ್ಚು.

ಅಕ್ಕನನ್ನು ಕೂರಿಸಿ ಹೇಳಿದೆ. ಭಾವನ ಆಸ್ಪತ್ರೆ ಲೆಕ್ಕ ಮುಗಿಸುವ ಕಾಗದಪತ್ರಕ್ಕೆ ಅವಳಿನ್ನೂ ಸಹಿ ಹಾಕಿಲ್ಲ. ಅದಕ್ಕೇ ದಾಖಲಾತಿಯಲ್ಲಿ ಅವರ ಸಾಲು ತೆರೆದೇ ಇದೆ. ವಾರ್ಡಿನಲ್ಲಿ ಅವರ ಸುದ್ದಿ ಬರೆಯುವವರಿಲ್ಲ. ಪ್ರೋಗ್ರಾಮು ಸುದ್ದಿ ಕೇಳುತ್ತದೆ, ಏನೂ ಸಿಗುವುದಿಲ್ಲ. ಆಗ ಹಿಂದಿನ ರೋಗಿಯ ಸುದ್ದಿ ಹಲಗೆಯ ಮೇಲೆ ಒರೆಸದೆ ಉಳಿದಿರುತ್ತದಲ್ಲ, ಅದನ್ನೇ ಭಾವನದೆಂದು ಕಳಿಸಿಬಿಡುತ್ತದೆ.

"ನೀನು ದಾರದ ಕೊನೆಗೆ ಗಂಟು ಹಾಕಲ್ವಾ? ಗಂಟು ಬಿಟ್ಟುಹೋಗಿದೆ, ಅಷ್ಟೇ ಅಕ್ಕ."

ಅಕ್ಕ ಗುಂಡಿಯ ದಾರವನ್ನು ಹಲ್ಲಿನಿಂದ ಕಡಿದಳು. ಅವಳು ದಡ್ಡಿಯಲ್ಲ, ಹುಚ್ಚು ಹಿಡಿದವಳೂ ಅಲ್ಲ. ಒಂದು ಹೊಲಿಗೆ ಸೊಟ್ಟಗಾದರೆ ಇಡೀ ರವಿಕೆ ಬಿಚ್ಚಿ ಮತ್ತೆ ಹೊಲಿಯುವ ಪೈಕಿ.

"ಹಾಗಾದ್ರೆ ನನ್ನನ್ನ ಕೇಳಿದ್ದು ಅವರಲ್ಲ," ಎಂದಳು.

ಅವಳ ಹೊಟ್ಟೆಯೊಳಗಿನ ಬೆಂಕಿ ಅದೊಂದೇ. ವಾರಗಟ್ಟಲೆ ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತೇ ನಿದ್ದೆ ಮಾಡಿದವಳು, ಆ ಒಂದು ಬೆಳಿಗ್ಗೆ ಸ್ನಾನ ಮಾಡಿ ಬರುತ್ತೇನೆಂದು ಮನೆಗೆ ಬಂದಿದ್ದಳು. ಒದ್ದೆ ತಲೆಯಲ್ಲಿ ಹಿಂತಿರುಗಿದಾಗ ಹಾಸಿಗೆಯ ಚಾದರ ತೆಗೆದಾಗಿತ್ತು. ಯಾರೂ ಫೋನ್ ಮಾಡಿರಲಿಲ್ಲ. ಕೊನೆಗೆ ನನ್ನನ್ನ ಕೇಳಿದ್ರಾ ಎಂದು ಸಿಸ್ಟರುಗಳನ್ನು ಕೇಳಿದರೆ, ಪಾಳಿ ಬದಲಾಗಿತ್ತಮ್ಮ, ಗೊತ್ತಿಲ್ಲಮ್ಮ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದ್ದರು. ಈಗ ಆ ಪ್ರಶ್ನೆಗೆ ದಿನಾ ಮಧ್ಯಾಹ್ನ ಉತ್ತರ ಸಿಗುತ್ತಿತ್ತು, ನಾನು ಬಂದು ಅದನ್ನೂ ಕಿತ್ತುಕೊಂಡೆ.

"ನಿಜ ಹೇಳಿ ಏನ್ ಉಪಕಾರ ಮಾಡ್ದೆ ನಂಗೆ?" ಎಂದಳು. ಅಂಗಿ ಮಡಚಿಟ್ಟು ಮತ್ತೆ ಕೇಳಿದಳು, "ಆ ಹಾಲು ಕುಡಿದೋರು ಯಾರು? ಅವರ ಮನೆಯೋರಿಗೆ ಸುದ್ದಿ ಹೋಗ್ತಿದೆಯಾ?"

ಮಾರನೆಯ ಬೆಳಿಗ್ಗೆ ಆಫೀಸಿಗೆ ಹೋದವಳೇ ಪ್ರೋಗ್ರಾಮು ತೆರೆದು ನೋಡಿದೆ. ಪ್ರತಿ ರೋಗಿಗೂ ಮುಂಚೆ ಹಲಗೆ ಒರೆಸುವ ಸಾಲು ಅಲ್ಲಿರಲಿಲ್ಲ. ತೆಗೆದವನು ನನ್ನ ಪಕ್ಕದ ಕುರ್ಚಿಯವನು. ಅವನನ್ನು ಎಲ್ಲರೂ ಕರೆಯುವುದು ಅವಸರ ಎಂದು. ಅವನು ಲಿಫ್ಟಿನ ಗುಂಡಿಯನ್ನು ಒಂದೇ ಸಲ ಒತ್ತಿ ಸುಮ್ಮನಿದ್ದವನಲ್ಲ.

"ಈ ಸಾಲು ಯಾಕಪ್ಪ ತೆಗ್ದೆ?"

"ಒಬ್ಬೊಬ್ಬರಿಗೂ ಒರೆಸ್ತಾ ಕೂತ್ರೆ ತಡ ಆಗುತ್ತೆ ಮೇಡಂ. ಹೇಗೂ ಹೊಸ ಸುದ್ದಿ ಬಂದು ಹಳೇದರ ಮೇಲೆ ಕೂರುತ್ತಲ್ಲ."

"ಸುದ್ದಿನೇ ಬರದೇ ಇದ್ರೆ?"

"ಆಸ್ಪತ್ರೆಲಿ ಮಲಗಿರೋರಿಗೆ ಒಂದಲ್ಲ ಒಂದು ಸುದ್ದಿ ಇದ್ದೇ ಇರುತ್ತೆ."

"ಸತ್ತೋರಿಗೆ ಇರಲ್ಲ," ಎಂದೆ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆ ಮನುಷ್ಯ ಅವತ್ತು ವಾದಿಸದೆ ಕುರ್ಚಿ ತಿರುಗಿಸಿಕೊಂಡು ತನ್ನ ಕೆಲಸಕ್ಕೆ ಕೂತ. ನಾನು ಒಂದು ಸಾಲು ಬರೆದೆ. ಹಲಗೆಯ ಮೊದಲ ಮನೆಯಲ್ಲೇ ಸೊನ್ನೆ. ಇನ್ನು ಮೇಲೆ ಯಾರ ಮಾತೂ ಯಾರಿಗೂ ಅಂಟುವುದಿಲ್ಲ.

ಆಮೇಲೆ ಅಕ್ಕನ ಪ್ರಶ್ನೆ ನೆನಪಾಗಿ ಹುಡುಕಿದೆ. ಪಟ್ಟಿಯಲ್ಲಿ ಭಾವನ ಹಿಂದಿನ ಸಾಲು ಅದೇ ಕೋಣೆಯ ಇನ್ನೊಂದು ಹಾಸಿಗೆಯವರದು. ಅವರ ಫೋನ್ ನಂಬರಿನ ಜಾಗ ಖಾಲಿ. ಅಂದರೆ ಅವರ ಸುದ್ದಿ ಹೋಗುತ್ತಿದ್ದುದು ಜಗತ್ತಿನಲ್ಲಿ ಅಕ್ಕ ಒಬ್ಬಳಿಗೇ. ಸಿಸ್ಟರುಗಳು ಬರೆದದ್ದನ್ನು ಓದಿದೆ. ಹಾಲು ಇತ್ತು, ನಿದ್ದೆ ಇತ್ತು. 'ಕಿಟಕಿ ತೆರೆಯಿರಿ ಎಂದರು' ಎನ್ನುವುದೂ ಇತ್ತು. ಅಲ್ಲಿ ನನ್ನ ಕಣ್ಣು ನಿಂತಿತು. ಆ ಕೋಣೆಯನ್ನು ನಾನು ಬಲ್ಲೆ. ಕಿಟಕಿಯ ಪಕ್ಕದ ಹಾಸಿಗೆ ಭಾವನದು. ಇನ್ನೊಂದು ಬಾಗಿಲ ಬಳಿ, ಗೋಡೆಗೆ ಒತ್ತಿಕೊಂಡಿದೆ, ನಡುವೆ ಹಸಿರು ಪರದೆ. ಅಲ್ಲಿ ಮಲಗಿದವರಿಗೆ ಕಿಟಕಿ ಇರುವುದೂ ಕಾಣುವುದಿಲ್ಲ.

ಊಟದ ಹೊತ್ತಿಗೆ ವಾರ್ಡಿಗೆ ಹೋದೆ. ಗೋಡೆಯ ಕಡೆಯ ಹಾಸಿಗೆಯಲ್ಲಿ ಬಡಕಲು ಮುದುಕರೊಬ್ಬರು ಸೂರು ನೋಡುತ್ತ ಮಲಗಿದ್ದರು. ಸಿಸ್ಟರ್ ಅವರಿಗಿಟ್ಟ ಹೆಸರು ಗೋಡೆ ತಾತ.

"ಕರ್ಕೊಂಡ್ ಬಂದೋರು ಬಿಟ್ಟು ಹೋದ್ರು, ಮತ್ತೆ ಈ ಕಡೆ ತಲೆ ಹಾಕಿಲ್ಲ," ಎಂದಳು ಸಿಸ್ಟರ್. "ನೆನಪು ಪೂರ್ತಿ ಅಳಿಸಿಹೋಗಿದೆ. ತಿಂಗಳುಗಟ್ಟಲೆ ಒಂದ್ ಮಾತಿಲ್ಲ. ನಿಮ್ಮ ಭಾವನೇ ಪರದೆ ಆಚೆಯಿಂದ ಇವರ ಜೊತೆ ಮಾತಾಡ್ತಿದ್ದಿದ್ದು, ನಿಮ್ಮಕ್ಕ ಕೆಳಗೆ ಔಷಧಿ ತರಕ್ಕೆ ಹೋದಾಗೆಲ್ಲ. ಗೋಡೆಗೆ ಹೇಳ್ದಂಗೆ ಅಂತ ನಾವು ನಗ್ತಿದ್ವಿ."

"ಈಗ ಮಾತಾಡ್ತಾರಲ್ಲ?"

"ನಿಮ್ಮ ಭಾವ ಹೋದ ಮಾರನೇ ದಿನ ಬಾಯಿ ಬಿಟ್ರು. ಕಿಟಕಿ ತೆಗಿ ಅಂದ್ರು. ಅವಳೆಲ್ಲಿ ಅಂದ್ರು." ಸಿಸ್ಟರ್ ದನಿ ತಗ್ಗಿಸಿದಳು. "ಧಾಟಿ ಮಾತ್ರ ಇವರದಲ್ಲ ಮೇಡಂ. ನಂಗೆ ಒಬ್ಬಳೇ ಒಳಗೆ ಹೋಗಕ್ಕೆ ಒಂಥರಾ ಆಗುತ್ತೆ."

ಇದರಲ್ಲಿ ದೆವ್ವವೂ ಇಲ್ಲ, ಗಾಳಿಯೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಖಾಲಿ ತಲೆ, ಅದರಲ್ಲಿ ದಿನವಿಡೀ ಬಿದ್ದದ್ದು ಭಾವನ ಮಾತು. ಒರೆಸುವವರಿಲ್ಲ. ಬಾಯಿ ತೆರೆದರೆ ಅದೇ ತಾನೇ ಹೊರಗೆ ಬರಬೇಕು. ಇಷ್ಟು ಸರಿಯಾಗಿ ಯೋಚಿಸಿದ ಮೇಲೂ ಹೊರಡುವಾಗ ನಾನು ಆ ಹಾಸಿಗೆಗೆ ಬೆನ್ನು ತೋರಿಸಲಿಲ್ಲ.

ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. "ಇವತ್ತು ಬರೀ 'ನಿಮ್ಮವರು' ಅಂತ ಬಂದಿದೆ ಕಣೇ. ಮುಂದೆ ಏನೂ ಇಲ್ಲ. ಏನೋ ಹೇಳಕ್ಕೆ ಬಂದು ಬಾಯಿ ಕಟ್ಟಿದ ಹಾಗಿದೆ."

"ನಾನು ಸರಿಮಾಡ್ದೆ ಅಕ್ಕ. ದಾಖಲಾತೀಲೂ ಸಾಲು ಮುಚ್ಚಿಬಿಡ್ತೀನಿ, ಆಗ ಅದೂ ಬರಲ್ಲ."

"ಬೇಡ. ಅದೊಂದು ಇರ್ಲಿ," ಎಂದಳು.

ಗೋಡೆ ತಾತನ ವಿಷಯ ಅವಳಿಗೆ ಹೇಳಬಾರದೆಂದೇ ಇದ್ದೆ. ಆದರೆ ಅವಳು ಮತ್ತೆ ಮತ್ತೆ ಕೇಳಿದಾಗ, ಯಾರೂ ಇಲ್ಲದ ಮುದುಕರು ಎಂದಷ್ಟೇ ಹೇಳಿದೆ. ಮಾರನೆಯ ದಿನ ಅವಳು ಒಂದು ಫ್ಲಾಸ್ಕಿನಲ್ಲಿ ಹಾಲು ಹಿಡಿದು ಆಸ್ಪತ್ರೆಗೆ ಹೋದಳು. ಪಾಪ, ಯಾರೂ ಇಲ್ಲವಲ್ಲ ಎಂದು ಹೋದವಳು ಸಂಜೆ ಕತ್ತಲಾಗುವ ಮುಂಚೆ ಬರಲಿಲ್ಲ. ಅವಳ ಕಣ್ಣು ಅತ್ತು ಊದಿಕೊಂಡಿತ್ತು, ಮುಖದಲ್ಲಿ ಮಾತ್ರ ಒಂದು ಬಗೆಯ ತಂಪು. ನಾನು ಬಾಯಿ ತೆರೆಯುವ ಮುಂಚೆ, "ಏನೂ ಹೇಳ್ಬೇಡ," ಎಂದಳು.

ಅಲ್ಲಿಂದ ಅದೇ ಅವಳ ದಿನಚರಿ. ಹೊಲಿಯಲು ಕೊಟ್ಟವರು ಬಾಗಿಲು ತಟ್ಟಿ ಬೈದುಕೊಂಡು ಹೋಗತೊಡಗಿದರು. ಮಧ್ಯಾಹ್ನವಾದರೆ ಅಕ್ಕ ಗೋಡೆ ತಾತನ ಹತ್ತಿರ ಸ್ಟೂಲು ಎಳೆದು ಕೂರುತ್ತಾಳೆ. ಅವರು ಸೂರು ನೋಡುತ್ತ ಮಾತಾಡುತ್ತಾರೆ. ಸಿಸ್ಟರ್ ಹೇಳಿದ್ದು ನಿಜ. ಬಾಯಿ ಅವರದು, ಧಾಟಿ ಭಾವನದು. ವಾಕ್ಯದ ನಡುವೆ ಸಣ್ಣಗೆ ಗಂಟಲು ಸರಿಮಾಡಿಕೊಳ್ಳುವುದು ಸಹ. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಇನ್ನೊಂದು. ಭಾವ ಆಸ್ಪತ್ರೆಗೆ ಸೇರಿದ ದಿನದಿಂದ ಆಡಿದ್ದನ್ನೆಲ್ಲ ತಾತ ಸಾಲಾಗಿ ಹೇಳುತ್ತ ಬರುತ್ತಿದ್ದರು. ನಿನ್ನೆ ಎಲ್ಲಿ ನಿಂತಿತ್ತೋ ಇವತ್ತು ಅಲ್ಲಿಂದ. ಅಕ್ಕನ ಕಾಲುನೋವಿಗೆ ಯಾವ ಎಣ್ಣೆ ತರಬೇಕು, ಮನೆಯ ಕೊಳಾಯಿ ಸೋರುವುದು, ನನಗೆ ಇನ್ನೂ ಅಡುಗೆ ಬರದಿರುವುದು, ಒಂದೂ ಬಿಡದೆ.

"ಕೊನೇ ದಿನಕ್ಕೆ ಬಂದೇ ಬರ್ತಾರೆ," ಎಂದಳು ಅಕ್ಕ. "ಆಗ ಗೊತ್ತಾಗುತ್ತೆ."

"ನಿನ್ನನ್ನ ಕೇಳಿಲ್ಲ ಅಂತ ಗೊತ್ತಾದ್ರೆ ಏನ್ ಮಾಡ್ತೀಯ?"

"ಕೇಳ್ದೇ ಇದ್ದಿದ್ರೆ ಕೇಳಿಲ್ಲ ಅಂತಾದ್ರೂ ಗೊತ್ತಾಗ್ಲಿ. ಈಗ ನಾನು ಇತ್ಲಾಗೂ ಇಲ್ಲ ಅತ್ಲಾಗೂ ಇಲ್ಲ."

ನನಗೆ ಭಯವಾಗಿತ್ತು, ಮುಚ್ಚಿಡುವುದೇನು. ಹೋದವರನ್ನು ಹಿಂಬಾಲಿಸಿ ಅಕ್ಕನೂ ಎಲ್ಲಿಗೋ ಹೋಗಿಬಿಡುತ್ತಾಳೆ ಎಂಬ ಭಯ. ಒಂದು ಬೆಳಿಗ್ಗೆ ಪಕ್ಕದ ಕುರ್ಚಿಯ ಅವಸರ ಇನ್ನೂ ಬಂದಿರಲಿಲ್ಲ, ಕೋಣೆಯಲ್ಲಿ ನಾನೊಬ್ಬಳೇ. ದಾಖಲಾತಿಯಲ್ಲಿ ಭಾವನ ಸಾಲು ಮುಚ್ಚುವ ಆಜ್ಞೆಯನ್ನು ಟೈಪ್ ಮಾಡಿದೆ. ಒಂದು ಗುಂಡಿ ಒತ್ತಿದರೆ ಆ ಒಂಟಿ 'ನಿಮ್ಮವರು' ಸಹ ನಿಲ್ಲುತ್ತಿತ್ತು. ಬೆರಳು ಗುಂಡಿಯ ಮೇಲಿಟ್ಟೆ. ಅದೊಂದು ಇರಲಿ ಎಂದ ಅಕ್ಕನ ದನಿ ಕಿವಿಯಲ್ಲಿತ್ತು. ಒತ್ತಲಿಲ್ಲ, ಅಳಿಸಲೂ ಇಲ್ಲ. ಪರದೆ ಆರಿಸಿ, ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಚೀಲಕ್ಕೆ ಹಾಕಿಕೊಂಡು ವಾರ್ಡಿಗೆ ನಡೆದೆ. ಇದನ್ನು ಯಾರಿಗೂ ಹೇಳಲಿಲ್ಲ.

ಅಕ್ಕ ಅವತ್ತು ಬೆಳಿಗ್ಗೆಯೇ ಬಂದು ಕೂತಿದ್ದಳು. ನಾನು ಬಾಗಿಲ ಬಳಿ, ಗೋಡೆ ತಾತನ ತಲೆಯ ಹಿಂದೆ ನಿಂತೆ. ಅವರಿಗೆ ನಾನು ಕಾಣುವಂತಿರಲಿಲ್ಲ. ಕಿಟಕಿಯ ಹಾಸಿಗೆಗೆ ಇನ್ನೂ ಯಾರೂ ಬಂದಿರಲಿಲ್ಲ, ಮಡಚಿದ ಚಾದರದ ಮೇಲೆ ಬಿಸಿಲು ಬಿದ್ದಿತ್ತು. ಯಾರೋ ಕಿಟಕಿ ತೆರೆದಿಟ್ಟಿದ್ದರು.

"ಅವಳು ಮನೆಗೆ ಹೋದ್ಲು," ಎಂದರು ತಾತ, ಭಾವನ ಧಾಟಿಯಲ್ಲಿ. "ಸ್ನಾನ ಮಾಡಿ ಬರ್ತೀನಿ ಅಂತ. ನಾನೇ ಹೋಗು ಹೋಗು ಅಂದೆ."

ಅಕ್ಕ ಎರಡೂ ಕೈಗಳಿಂದ ಸ್ಟೂಲಿನ ಅಂಚು ಹಿಡಿದುಕೊಂಡಳು.

"ಎದೆ ಹಿಡೀತಾ ಇದೆ ಸಿಸ್ಟರ್. ಹ್ಞೂಂ, ಜೋರಾಗೇ ಹಿಡೀತಾ ಇದೆ. ಬೇಡ, ಅವಳಿಗೆ ಫೋನ್ ಮಾಡ್ಬೇಡಿ. ಮಾಡಿದ್ರೆ ಅರ್ಧ ಸ್ನಾನದಲ್ಲಿ ಎದ್ದು ಓಡಿಬರ್ತಾಳೆ. ಆ ಕಾಲಲ್ಲಿ ಮೆಟ್ಟಿಲು ಹತ್ತಿ ಓಡಿಬರ್ತಾಳೆ. ಎಷ್ಟು ದಿನ ಆಯ್ತು ಅವಳು ನೆಮ್ಮದಿಯಾಗಿ ಎರಡು ಚೊಂಬು ಬಿಸಿನೀರು ಹಾಕ್ಕೊಂಡು. ಹಾಕ್ಕೊಳ್ಳಲಿ. ಯಾಕೆ ಕರೀಲಿಲ್ಲ ಅಂತ ಬೈತಾಳೆ, ಬೈಲಿ. ನಾನೇ ಬೇಡ ಅಂದೆ ಅನ್ನಿ."

ಅಕ್ಕ ಅತ್ತಳು. ಭಾವ ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಮಡಿಲಿಗೆ ಬಾಗಿ, ಸೆರಗು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಅಲುಗುವಂತೆ ಅತ್ತಳು. ನನ್ನ ಕಣ್ಣೂ ಮಂಜಾಯಿತು. ಯಾರೂ ಫೋನ್ ಮಾಡಲಿಲ್ಲ ಎಂದು ಅವಳು ಇಷ್ಟು ದಿನ ಶಪಿಸುತ್ತಿದ್ದಳಲ್ಲ, ಮಾಡಬೇಡಿ ಎಂದವರು ಅವರೇ. ಕೇಳುವುದಕ್ಕಿಂತ ದೊಡ್ಡದೊಂದನ್ನು ಮಾಡಿ ಹೋಗಿದ್ದರು.

ಸದ್ಯ, ಮುಗಿಯಿತು ಎಂದುಕೊಂಡೆ. ಭಾವನ ಮಾತು ಅಲ್ಲಿಗೆ ಮುಗಿಯಲೇಬೇಕು. ಆಮೇಲೆ ಅವರು ಉಸಿರಾಡಲಿಲ್ಲ. ಅಕ್ಕನನ್ನು ಮೆಲ್ಲಗೆ ಎಬ್ಬಿಸಿ ಮನೆಗೆ ಕರೆದೊಯ್ಯೋಣ ಎಂದು ಒಂದು ಹೆಜ್ಜೆ ಮುಂದಿಟ್ಟೆ.

ತಾತ ಸಣ್ಣಗೆ ಗಂಟಲು ಸರಿಮಾಡಿಕೊಂಡರು.

"ಬಂದೆಯಾ," ಎಂದರು. "ತಲೆ ಒರೆಸ್ಕೊಳ್ದೇ ಬಂದಿದೀಯ. ಬೆನ್ನೆಲ್ಲ ಒದ್ದೆ. ಹಾಸಿಗೆ ಬೋಳಾಗಿದೆ ಅಂತ ಹಾಗೆ ನಿಂತ್ಕೋಬೇಡ, ನೆಗಡಿ ಆಗುತ್ತೆ."

ಅಕ್ಕನ ಅಳು ನಿಂತಿತು.

"ಕಾಲರ್ ಗುಂಡಿ ಹಾಕಿದ್ದು ಒಳ್ಳೇದಾಯ್ತು. ಆ ಅಂಗಿ ನಂಗೆ ಇಷ್ಟ. ಮೇಜಿನ ಮೇಲೆ ತಟ್ಟೆ ಇಡ್ತೀಯಲ್ಲ, ಲೋಟದ ಮುಚ್ಚಳ ತೆಗೆದಿಡು."

ಇಷ್ಟನ್ನು ಅಕ್ಕನೇ ಅವರಿಗೆ ಹೇಳಿರಬಹುದು ಎಂದು ನನ್ನ ಬುದ್ಧಿ ಇನ್ನೂ ಲೆಕ್ಕ ಹಾಕುತ್ತಿತ್ತು. ದಿನಾ ಬಂದು ಕೂರುತ್ತಾಳೆ, ಮನೆಯ ವಿಷಯ ಆಡಿರುತ್ತಾಳೆ. ನನ್ನ ಕಾಲಿಗೆ ಮಾತ್ರ ಆ ಲೆಕ್ಕ ತಿಳಿಯಲಿಲ್ಲ, ಅದು ಬಾಗಿಲ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿಯಿತು.

"ಸೊನ್ನೆಮ್ಮ ಬಾಗಿಲ ಹತ್ರ ನಿಂತಿದಾಳೆ," ಎಂದರು ತಾತ. ಅವರ ಕಣ್ಣು ಸೂರಿನಿಂದ ಕದಲಲಿಲ್ಲ. "ನನ್ನ ಸಾಲು ಮುಚ್ಚಕ್ಕೆ ಬೆಳಿಗ್ಗೆ ಟೈಪ್ ಮಾಡಿದಾಳೆ. ಬೆರಳು ಇಟ್ಟಳು, ಒತ್ತಲಿಲ್ಲ. ಪರದೆ ಆರಿಸಿ ಬೀಗ ಹಾಕಿ ಬಂದಿದಾಳೆ. ಸೊನ್ನೆ ಹಾಕೋದು ಅವಳ ಕೆಲಸ, ಬೈಬೇಡ. ಆದ್ರೆ ಇವತ್ತು ಬೇಡ ಅನ್ನು."

ಚೀಲದೊಳಗೆ ಬೀಗದ ಕೈ ನನ್ನ ಬೆರಳಿಗೆ ತಗುಲಿತು. "ಅಕ್ಕಾ," ಎಂದೆ. "ಏಳು, ಹೋಗೋಣ."

ಅಕ್ಕ ಹಿಂತಿರುಗಿ ನೋಡಲಿಲ್ಲ. ಮುಖ ಒರೆಸಿಕೊಂಡು, ಸ್ಟೂಲನ್ನು ಹಾಸಿಗೆಯ ಇನ್ನೂ ಹತ್ತಿರಕ್ಕೆ ಎಳೆದುಕೊಂಡು, ಮನೆಯಲ್ಲಿ ನಾವು ಮೂವರು ಊಟಕ್ಕೆ ಕೂತಾಗ ನನ್ನನ್ನು ಗದರುತ್ತಿದ್ದಳಲ್ಲ, ಅದೇ ದನಿಯಲ್ಲಿ ಹೇಳಿದಳು:

"ಸುಮ್ನಿರೇ. ಅವರದಿನ್ನೂ ಮುಗ್ದಿಲ್ಲ."